ಸ್ಲ್ಯಾಷರ್‌ನ ಹಿಂದಿನ ಗಾಲಿ ಅಲ್ಲಾಡಿದರೆ ನಾನು ಎಲ್ಲೆಲ್ಲಿ ನೋಡುತ್ತೇನೆ

ನಮ್ಮದು ಪಾಂಡವಪುರದ ಕಡೆ ತೆಂಗಿನ ತೋಟ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ನೀರು ಬಂದರೆ ಸಾಕು, ಸಾಲುಗಳ ನಡುವೆ ಹುಲ್ಲು ಮೊಣಕಾಲು ಮುಟ್ಟುತ್ತದೆ. ಉಳುಮೆ ಮಾಡಿದರೆ ತೆಂಗಿನ ಬೇರು ಕಿತ್ತು ಬರುತ್ತದೆ ಅಂತ ಟ್ರ್ಯಾಕ್ಟರ್‌ಗೆ ಸ್ಲ್ಯಾಷರ್ (ತಿರುಗುವ ಬ್ಲೇಡಿನ ಹುಲ್ಲು ಕತ್ತರಿಸುವ ಯಂತ್ರ) ಹಾಕಿ ಕತ್ತರಿಸುತ್ತೇವೆ. ಬ್ಲೇಡು, ಗೇರ್‌ಬಾಕ್ಸ್ ಬಗ್ಗೆ ಎಲ್ಲರಿಗೂ ಕಾಳಜಿ. ಹಿಂದಿರುವ ಸಣ್ಣ ಗಾಲಿಯನ್ನು ಕೇಳುವವರೇ ಇಲ್ಲ. ಯಂತ್ರದ ಹಿಂಭಾಗದ ಭಾರ ಹೊರುವುದು ಅದೇ ಅಲ್ವಾ? ಹಿಂಭಾಗ ತಗ್ಗಿದರೆ ಬ್ಲೇಡು ಮಣ್ಣಿಗೇ ಹೊಡೆಯುತ್ತದೆ.

ಗಾಲಿ ಗಡಗಡ ಅಂತ ಎಡಕ್ಕೂ ಬಲಕ್ಕೂ ಬಡಿದುಕೊಳ್ಳಲು ಶುರುವಾದರೆ ನಮ್ಮ ಡ್ರೈವರ್ ಹೇಳುವುದು ಒಂದೇ: "ಗಾಲಿ ಹೋಯ್ತಣ್ಣ, ಹೊಸದು ತಂದ್ಬುಡಿ." ಬಹಳ ಸಲ ಗಾಲಿ ಗಟ್ಟಿಮುಟ್ಟಾಗಿಯೇ ಇರುತ್ತದೆ. ಸವೆದಿರುವುದು ಅದರ ಮೇಲಿನ ಭಾಗ.

ಮೊದಲು ಪಿಟಿಒ (ಟ್ರ್ಯಾಕ್ಟರ್ ಇಂಜಿನ್ನಿನಿಂದ ಯಂತ್ರ ತಿರುಗಿಸುವ ಶಾಫ್ಟ್) ಬಿಡಿಸಿ, ಬ್ಲೇಡು ಪೂರ್ತಿ ನಿಂತ ಮೇಲೆ ಯಂತ್ರ ಎತ್ತುತ್ತೇನೆ. ಆಮೇಲೆ ಇಂಜಿನ್ ನಿಲ್ಲಿಸಿ, ಕೀ ಜೇಬಿಗೆ ಹಾಕಿಕೊಂಡು ಕೆಳಗೆ ದಪ್ಪ ದಿಮ್ಮಿ ಕೊಡುತ್ತೇನೆ. ಬರೀ ಹೈಡ್ರಾಲಿಕ್ ನಂಬಿ ಅಡಿಗೆ ನುಗ್ಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಆಮೇಲೆ ಎರಡೂ ಕೈಯಲ್ಲಿ ಗಾಲಿ ಹಿಡಿದು ಅಲ್ಲಾಡಿಸುವುದು. ಫೋರ್ಕ್ (ಗಾಲಿಯನ್ನು ಹಿಡಿದಿರುವ ಕವೆ) ಸುಮ್ನಿದ್ದು ಗಾಲಿ ಮಾತ್ರ ಆಡಿದರೆ ಆಕ್ಸಲ್ ಬೋಲ್ಟೋ, ಹಬ್‌ನ ಬುಷ್ಷೋ (ಒಳಬಳೆ) ಸವೆದಿದೆ. ಅಲ್ಲಿ ಹುಲ್ಲು, ತಂತಿ, ಹರಿದ ಡ್ರಿಪ್ ಪೈಪು ಸುತ್ತಿಕೊಂಡಿರುವುದೂ ಉಂಟು. ಕೊಯ್ದು ತೆಗೆದರೆ ಆಯಿತು.

ಫೋರ್ಕೂ ಸೇರಿ ಆಡಿದರೆ ಕೆಲಸ ಜಾಸ್ತಿ. ಫೋರ್ಕಿನ ಮೇಲಿನ ರಾಡ್ ಒಂದು ಪೈಪಿನೊಳಗೆ ತಿರುಗುತ್ತದೆ. ಗ್ರೀಸ್ ಒಣಗಿದ ಮೇಲೆ ನಮ್ಮ ಕೆಮ್ಮಣ್ಣಿನ ಧೂಳು ಒಳಗೆ ಸೇರಿ ರಾಗಿಕಲ್ಲಿನ ಹಾಗೆ ಅರೆಯುತ್ತದೆ. ರಾಡ್ ಬಿಚ್ಚಿ ಒರೆಸಿ, ಬೆರಳಾಡಿಸಿದರೆ ಎಲ್ಲಿ ತಗ್ಗಾಗಿದೆ ಅಂತ ಗೊತ್ತಾಗುತ್ತದೆ. ಪೈಪಿನೊಳಗಿನ ಬುಷ್ ಮಾತ್ರ ಸವೆದಿದ್ದರೆ ಲೇತ್ ಅಂಗಡಿಯಲ್ಲಿ ಅಳತೆಗೆ ಹೊಸದು ಮಾಡಿಸುತ್ತೇನೆ. ರಾಡೂ ಸವೆದಿದ್ದರೆ ಎರಡನ್ನೂ ಒಟ್ಟಿಗೆ ಮಾಡಿಸಬೇಕು. ಹಳೇ ರಾಡಿಗೆ ಹೊಸ ಬುಷ್ ಹಾಕಿದರೆ ದುಡ್ಡು ದಂಡ. ಕೂರಿಸಿದ ಮೇಲೆ ಕೈಯಲ್ಲಿ ಸಲೀಸಾಗಿ ತಿರುಗಬೇಕು, ಪಕ್ಕಕ್ಕೆ ಆಡಬಾರದು. ಮೇಲೆ ಕೆಳಗೆ ಆಡುವುದನ್ನು ವಾಷರ್ ಸೇರಿಸಿ ತೆಗೆಯಬಹುದು.

ಇದರ ಉಲ್ಟಾ ಕಾಯಿಲೆ ರಾಡ್ ತುಕ್ಕು ಹಿಡಿದು ಬಿಗಿಯಾಗುವುದು. ಆಗ ಗಾಲಿ ಬಡಿದುಕೊಳ್ಳುವುದಿಲ್ಲ, ತಿರುವಿನಲ್ಲಿ ಅಡ್ಡಡ್ಡ ಎಳೆದುಕೊಂಡು ಬರುತ್ತದೆ. ಟೈರ್ ಸವೆಯುತ್ತದೆ, ಕೊನೆಗೆ ಫೋರ್ಕೇ ಬಾಗುತ್ತದೆ.

ರಾಡು, ಬುಷ್ಷು ಎಲ್ಲಾ ಹೊಸದಾಗಿದ್ದರೂ ಗಾಲಿ ಬಡಿದುಕೊಂಡರೆ ಯಂತ್ರದ ಮಟ್ಟ ನೋಡುತ್ತೇನೆ. ಸ್ಲ್ಯಾಷರ್‌ನ ಮುಂಭಾಗ ಹಿಂಭಾಗಕ್ಕಿಂತ ಒಂದು ಇಂಚಿನಷ್ಟು ತಗ್ಗಿದ್ದರೆ ಕಟಿಂಗ್ ಚೆನ್ನಾಗಿ ಬರುತ್ತದೆ. ಅದಕ್ಕಿಂತ ತುಂಬಾ ತಗ್ಗಿಸಿದರೆ ರಾಡಿನ ತಲೆ ಟ್ರ್ಯಾಕ್ಟರ್ ಕಡೆಗೆ ವಾಲುತ್ತದೆ. ಗಾಲಿ ರಾಡಿನ ಹಿಂದೆ ಎಳೆದುಕೊಂಡು ಬರುವ ಅಂತರ ಕಮ್ಮಿಯಾಗುತ್ತದೆ. ಆಗ ಅದು ನೆಟ್ಟಗೆ ಓಡದೆ ಕುಣಿಯುತ್ತದೆ. ಹೊಸ ಬುಷ್ ಹಾಕಿಸಿದ್ದು ದಂಡ ಅಂತ ಮೆಕ್ಯಾನಿಕ್‌ಗೆ ಬೈಯುವವರು ಟೇಪು ಹಿಡಿದು ಇಷ್ಟನ್ನು ನೋಡಿದರೆ ಒಳ್ಳೆಯದು. ಗಾಲಿಯ ತೋಳನ್ನು ಹಿಡಿದಿರುವ ಬೋಲ್ಟಿನ ತೂತು ಕೋಳಿಮೊಟ್ಟೆ ಆಕಾರಕ್ಕೆ ಬಂದಿದ್ದರೂ ಮಟ್ಟ ನಿಲ್ಲುವುದಿಲ್ಲ. ಅದನ್ನು ವೆಲ್ಡಿಂಗ್‌ನಲ್ಲಿ ತುಂಬಿಸಿ ಮತ್ತೆ ಕೊರೆಸಬೇಕು.

ಟಾಪ್ ಲಿಂಕ್ (ಯಂತ್ರವನ್ನು ಟ್ರ್ಯಾಕ್ಟರಿಗೆ ಸೇರಿಸುವ ಮೇಲಿನ ತೋಳು) ಕಡೆಯೂ ಸ್ವಲ್ಪ ಸಡಿಲ ಬೇಕು. ಬದು ಹತ್ತಿ ಇಳಿಯುವಾಗ ಯಂತ್ರದ ಹಿಂಭಾಗ ತಾನೇ ಏಳಬೇಕು, ಇಳಿಯಬೇಕು. ಬಿಗಿದು ಕಟ್ಟಿದರೆ ಭಾರವೆಲ್ಲ ಗಾಲಿಯ ಮೇಲೆ.

ತೋಟದಲ್ಲಿ ಗಾಲಿ ಹಾಳಾಗುವುದು ಹೆಚ್ಚಾಗಿ ರಿವರ್ಸ್‌ನಲ್ಲಿ. ಮರ ಅಡ್ಡ ಬಂತು ಅಂತ ಯಂತ್ರ ಎತ್ತದೆ ಹಿಂದಕ್ಕೆ ತಳ್ಳಿದರೆ ಗಾಲಿ ಅಡ್ಡ ತಿರುಗಿ ಪಾತಿಯ ಏರಿಗೆ ಸಿಕ್ಕಿಕೊಳ್ಳುತ್ತದೆ. ಎತ್ತಿಯೇ ಹಿಂದಕ್ಕೆ ಬರಬೇಕು ಅಂತ ಡ್ರೈವರ್‌ಗೆ ಖಡಾಖಂಡಿತವಾಗಿ ಹೇಳಿದ್ದೇನೆ. ಕೆಲಸ ಇರುವ ದಿನ ಬೆಳಗ್ಗೆ ನಿಪ್ಪಲ್‌ಗೆ ಗ್ರೀಸ್, ಹಳೇದು ಹೊರಬರುವವರೆಗೆ. ಟೈರ್ ಮಾತ್ರ ಗಾಳಿಯದು ಬೇಡ ಅಂತ ಸಾಲಿಡ್ ರಬ್ಬರಿನದು ಹಾಕಿಸಿದ್ದೇನೆ. ನಮ್ಮ ಬೇಲಿಯ ಜಾಲಿ ಮುಳ್ಳಿಗೆ ಟ್ಯೂಬು ತಡೆಯುವುದಿಲ್ಲ.