ಒಂದೇ ರೆಂಡರ್‌ನಲ್ಲಿ ಮೂರು ಮಾಸ್ಕ್
ಮಾಸ್ಕ್ ಅಂದರೆ ಚಿತ್ರದ ಒಂದು ಭಾಗವನ್ನಷ್ಟೇ ಆರಿಸಿ ತಿದ್ದಲು ಬಳಸುವ ಕಪ್ಪು-ಬಿಳುಪು ಚಿತ್ರ. 3ಡಿ ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಿ ಮುಖ್ಯ ರೆಂಡರ್ (ದೃಶ್ಯದಿಂದ ಚಿತ್ರ ತೆಗೆಯುವುದು) ಆದಮೇಲೆ, ಕ್ಯಾಮೆರಾ ಅಲುಗಾಡಿಸದೆ, ಎಲ್ಲದಕ್ಕೂ ಎಮಿಷನ್ ಮಟೀರಿಯಲ್ (ನೆರಳು ಬೀಳದೆ ತಾನೇ ಹೊಳೆಯುವ ಬಣ್ಣ) ಹಾಕಿ ಇನ್ನೊಂದು ರೆಂಡರ್ ತೆಗೆಯಿರಿ. ನಮ್ಮ ವಿಜಯಪುರದ ಗೋಲಗುಮ್ಮಟವೇ ಅಂದುಕೊಳ್ಳಿ: ಗುಮ್ಮಟಕ್ಕೆ ಅಪ್ಪಟ ಕೆಂಪು, ನಾಲ್ಕು ಮಿನಾರುಗಳಿಗೆ ಹಸಿರು, ಮುಂದಿನ ಹುಲ್ಲಿಗೆ ನೀಲಿ, ಉಳಿದದ್ದೆಲ್ಲ ಕಪ್ಪು. ರೆಂಡರ್ ಆದ ಚಿತ್ರವನ್ನು ತಿದ್ದುವ ಕಾಂಪೋಸಿಟರ್‌ನಲ್ಲಿ, ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಬೇರೆ ಮಾಡುವ ಸೆಪರೇಟ್ ಕಲರ್ ನೋಡ್ ಹಾಕಿದರೆ ಮೂರು ಮಾಸ್ಕ್ ಕೈಗೆ ಬಂದವು. ಅಪ್ಪಟ ಕೆಂಪು ಅಂದರೆ ಕೆಂಪು ಚಾನೆಲ್‌ನಲ್ಲಿ 1, ಉಳಿದೆರಡರಲ್ಲಿ 0, ಅಲ್ವಾ? ಅಂಚಿನ ಪಿಕ್ಸೆಲ್‌ಗಳಲ್ಲಿ ಇವೆರಡರ ನಡುವಿನ ಬೆಲೆ ಇರುತ್ತದೆ. ಹಾಗಾಗಿ ಮಿನಾರಿನ ಸಣ್ಣ ಕಮಾನುಗಳೂ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಾಣುವುದಿಲ್ಲ. ಬಣ್ಣ ತೆರೆಯ ಮೇಲೆ ಹೇಗೆ ಕಾಣಬೇಕೆಂದು ನಿರ್ಧರಿಸುವ ವ್ಯೂ ಟ್ರಾನ್ಸ್‌ಫಾರ್ಮ್ ಮಾತ್ರ, ಬಣ್ಣವನ್ನು ಬದಲಿಸದ ‘ರಾ’ದಲ್ಲೇ ಇರಲಿ. ಫಿಲ್ಮಿಕ್ ಇದ್ದರೆ ಬಣ್ಣ ಕಲಸಿಹೋಗುತ್ತದೆ. ಜೆಪಿಜಿ ಬೇಡವೇ ಬೇಡ, ಪಿಎನ್‌ಜಿ ಮಾಡಿ, ತೆರೆಯುವಾಗ, ಬೆಲೆಗಳನ್ನು ಬದಲಿಸದೆ ಓದುವ ‘ನಾನ್-ಕಲರ್’ ಕೊಡಿ. ಗಾಜು, ಹೊಗೆ ಇರುವ ದೃಶ್ಯಕ್ಕೆ ಈ ಉಪಾಯ ನಡೆಯುವುದಿಲ್ಲ, ಹಿಂದಿನದೆಲ್ಲ ಮುಚ್ಚಿಹೋಗುತ್ತದೆ.