ವೃದ್ಧಾಶ್ರಮಕ್ಕೆ ಸೋಂಕು ಬರುವ ಮೊದಲು, ಬಂದ ದಿನ

ಫ್ಲೂ ಔಷಧ ಚೆನ್ನಾಗಿ ಕೆಲಸ ಮಾಡುವುದು ಲಕ್ಷಣ ಶುರುವಾದ ಮೊದಲ 48 ಗಂಟೆಗಳಲ್ಲಿ ಕೊಟ್ಟರೆ. ಯಾರಿಗೆ ಮೂತ್ರಪಿಂಡದ ತೊಂದರೆಯಿದೆ, ಯಾರಿಗೆ ಯಾವ ಲಸಿಕೆ ಆಗಿದೆ ಎಂದು ಅದೇ ಹೊತ್ತಿನಲ್ಲಿ ಫೈಲು ಹುಡುಕುತ್ತ ಕೂತರೆ ಒಂದು ದಿನ ಹೋದಂತೆಯೇ. ಆದ್ದರಿಂದ ಪ್ರತಿಯೊಬ್ಬ ಹಿರಿಯರಿಗೂ ಒಂದು ಹಾಳೆ ಮೊದಲೇ ಸಿದ್ಧವಿರಲಿ. ಅದರಲ್ಲಿ ಆರೋಗ್ಯವಾಗಿದ್ದಾಗಿನ ಮೈಬಿಸಿ ಮತ್ತು ಆಕ್ಸಿಜನ್ ಮಟ್ಟ, ತೂಕ, ಇತ್ತೀಚಿನ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತಪರೀಕ್ಷೆ), ಅಲರ್ಜಿ, ರಕ್ತ ತೆಳುವಾಗಿಸುವ ಮಾತ್ರೆ, ಹಾಕಿಸಿಕೊಂಡ ಲಸಿಕೆಗಳು ಮತ್ತು ದಿನಾಂಕ, ಒಪ್ಪಿಗೆ ಸಹಿ ಇರಬೇಕು. ಮರೆವಿನ ಕಾಯಿಲೆ ಇರುವವರ ಪರವಾಗಿ ಯಾರು ಒಪ್ಪಿಗೆ ಕೊಡುತ್ತಾರೆ, ಅವರ ಫೋನ್ ನಂಬರ್ ಏನು ಎಂಬುದೂ ಅಲ್ಲೇ ಇರಲಿ.

ಮೈಬಿಸಿಯನ್ನು ಬರೆದಿಡಲು ಕಾರಣವಿದೆ. ವಯಸ್ಸಾದವರಿಗೆ ಸೋಂಕು ತಗುಲಿದರೂ ಎಷ್ಟೋ ಸಲ ಮೈ ಸುಡುವುದಿಲ್ಲ. ದಿನವೂ 97 ಡಿಗ್ರಿ ಫ್ಯಾರನ್‌ಹೀಟ್ ಇರುವವರಿಗೆ 99 ಬಂದರೆ ಅದು ಜ್ವರವೇ. ಮಾಮೂಲಿಗಿಂತ 2 ಡಿಗ್ರಿ ಏರಿದರೆ ಅಥವಾ ಒಮ್ಮೆ 100 ದಾಟಿದರೆ ಜ್ವರವೆಂದೇ ಲೆಕ್ಕ. ಅದಕ್ಕೂ ಮೊದಲು ಬೇರೆ ಸುಳಿವು ಸಿಗುತ್ತದೆ: ಊಟ ಬೇಡ ಎನ್ನುತ್ತಾರೆ, ನಿನ್ನೆ ಸರಿಯಿದ್ದವರು ಇವತ್ತು ತಡವರಿಸುತ್ತಾರೆ, ಬೀಳುತ್ತಾರೆ, ಉಸಿರಾಟ ನಿಮಿಷಕ್ಕೆ 25 ದಾಟುತ್ತದೆ. ಇದನ್ನು ಮೊದಲು ಗಮನಿಸುವುದು ಊಟ ಬಡಿಸುವ, ಸ್ನಾನ ಮಾಡಿಸುವ ಆಯಾಗಳು. ಅವರ ಮಾತನ್ನು ಬರೆದುಕೊಳ್ಳಲು ನರ್ಸ್ ಮೇಜಿನ ಮೇಲೆ ಒಂದು ಪುಸ್ತಕ ಇರಲಿ.

ಮೊದಲ ದಿನ

72 ಗಂಟೆಯೊಳಗೆ ಇಬ್ಬರಿಗೆ ಜ್ವರ-ಕೆಮ್ಮು ಬಂದು, ಅವರಲ್ಲಿ ಒಬ್ಬರಿಗಾದರೂ ಪರೀಕ್ಷೆಯಲ್ಲಿ ಫ್ಲೂ ಖಚಿತವಾದರೆ, ಸೋಂಕು ಹರಡುತ್ತಿದೆ ಎಂದೇ ತಿಳಿದು ಕೆಲಸ ಶುರು ಮಾಡಿ. ವೈದ್ಯರಿಗೆ, ಆರೋಗ್ಯ ಇಲಾಖೆಗೆ ಅಂದೇ ತಿಳಿಸಿ. ಒಂದು ಪಟ್ಟಿ ತೆರೆಯಿರಿ: ಹೆಸರು, ಕೋಣೆ, ಲಕ್ಷಣ ಶುರುವಾದ ದಿನ ಮತ್ತು ಹೊತ್ತು, ಪರೀಕ್ಷೆಯ ಫಲಿತಾಂಶ, ಆರೈಕೆ ಮಾಡಿದವರು ಯಾರು. ಕೊನೆಯದನ್ನು ಬಹಳ ಕಡೆ ಬರೆಯುವುದೇ ಇಲ್ಲ. ಆದರೆ ಕೋಣೆಯಿಂದ ಕೋಣೆಗೆ ಸೋಂಕು ಹೋದ ದಾರಿ ತಿಳಿಯುವುದು ಅದರಿಂದಲೇ.

ಕಾಯಿಲೆಯಾದವರು ಕೋಣೆಯಲ್ಲೇ ಇರಲಿ, ಊಟವೂ ಅಲ್ಲೇ. ಫ್ಲೂ ಆದರೆ ಲಕ್ಷಣ ಶುರುವಾದ ದಿನದಿಂದ 7 ದಿನ, ಅಥವಾ ಜ್ವರ-ಕೆಮ್ಮು ನಿಂತು 24 ಗಂಟೆ, ಯಾವುದು ಹೆಚ್ಚೋ ಅಷ್ಟು. ಅದೇ ಕೋಣೆಯಲ್ಲಿ ಇನ್ನೊಬ್ಬರಿದ್ದರೆ ಅವರನ್ನು ಗಾಬರಿಯಿಂದ ಬೇರೆಯವರ ಕೋಣೆಗೆ ಸಾಗಿಸಬೇಡಿ. ಅವರಿಗೆ ಆಗಲೇ ತಗುಲಿರಬಹುದು, ಸಾಗಿಸಿದರೆ ಸೋಂಕಿಗೆ ಹೊಸ ಕೋಣೆ ಸಿಗುತ್ತದೆ. ಖಾಲಿ ಕೋಣೆ ಇದ್ದರೆ ಮಾತ್ರ ಬೇರೆ ಮಾಡಿ. ಕಿಟಕಿ ತೆರೆದಿಡಿ. ಕಾಯಿಲೆಯವರನ್ನು ನೋಡಿಕೊಳ್ಳುವ ಸಿಬ್ಬಂದಿ ಆ ಪಾಳಿಯಲ್ಲಿ ಉಳಿದವರ ಕಡೆ ಹೋಗಬಾರದು.

ಫ್ಲೂ ಔಷಧವಾದ ಓಸೆಲ್ಟಾಮಿವಿರ್ ಶುರು ಮಾಡಲು ಪರೀಕ್ಷೆಯ ಫಲಿತಾಂಶಕ್ಕೆ ಕಾಯಬೇಕಿಲ್ಲ. ಕಾಯಿಲೆಯಾದವರಿಗೆ ಸಾಮಾನ್ಯವಾಗಿ 75 ಮಿಲಿಗ್ರಾಂ ದಿನಕ್ಕೆ 2 ಬಾರಿ, 5 ದಿನ. ಹರಡುವಿಕೆ ಖಚಿತವಾದ ಮೇಲೆ ಅದೇ ವಿಭಾಗದ ಆರೋಗ್ಯವಂತರಿಗೂ, ಲಸಿಕೆ ಆದವರಿಗೂ ಸೇರಿಸಿ, ದಿನಕ್ಕೆ ಒಮ್ಮೆ 75 ಮಿಲಿಗ್ರಾಂ: ಕನಿಷ್ಠ 2 ವಾರ, ಮತ್ತು ಕೊನೆಯ ಪ್ರಕರಣ ಕಂಡು 7 ದಿನ ಕಳೆಯುವವರೆಗೆ. ಮೂತ್ರಪಿಂಡ ದುರ್ಬಲವಾಗಿದ್ದರೆ ಪ್ರಮಾಣ ಇಳಿಸಬೇಕು. ಆ ಲೆಕ್ಕ ಹಾಕುವುದು ವೈದ್ಯರು; ಅವರಿಗೆ ಬೇಕಾದ ಕ್ರಿಯಾಟಿನಿನ್, ತೂಕ ನಿಮ್ಮ ಹಾಳೆಯಲ್ಲಿದೆ. ತಡೆಯಲೆಂದು ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಜ್ವರ ಬಂದರೆ ದಿನಕ್ಕೊಂದೇ ಮಾತ್ರೆಯಲ್ಲಿ ಮುಂದುವರಿಸದೆ ತಕ್ಷಣ ವೈದ್ಯರನ್ನು ಕೇಳಿ ಚಿಕಿತ್ಸೆಯ ಪ್ರಮಾಣಕ್ಕೆ ಬದಲಿಸಬೇಕು.

ವಾಂತಿ-ಭೇದಿ, ಕಜ್ಜಿ

ಒಂದೆರಡು ದಿನದಲ್ಲಿ ಹಲವರಿಗೆ ವಾಂತಿ-ಭೇದಿ ಶುರುವಾದರೆ ಮೊದಲ ಅನುಮಾನ ನೊರೊವೈರಸ್ ಮೇಲೆ. ಸ್ಯಾನಿಟೈಸರ್ ಇದಕ್ಕೆ ಸರಿಯಾಗಿ ನಾಟುವುದಿಲ್ಲ. ಸೋಪು-ನೀರಿನಲ್ಲಿ 20 ಸೆಕೆಂಡ್ ಕೈ ತೊಳೆಯಬೇಕು. ವಾಂತಿಯನ್ನು ಮಾಸ್ಕ್, ಕೈಗವಸು ಹಾಕಿಕೊಂಡು ಕಾಗದದಲ್ಲಿ ಒತ್ತಿ ತೆಗೆದು, ಜಾಗವನ್ನು ಸೋಪಿನಲ್ಲಿ ತೊಳೆದ ಮೇಲೆಯೇ ಬ್ಲೀಚ್ ಹಾಕಿ, ಏಕೆಂದರೆ ಕೊಳೆಯ ಮೇಲೆ ಸುರಿದ ಬ್ಲೀಚ್ ಕೊಳೆಯಲ್ಲೇ ಖರ್ಚಾಗುತ್ತದೆ. ಶೇ 5ರ ಸೋಡಿಯಂ ಹೈಪೊಕ್ಲೋರೈಟ್ (ದ್ರವ ಬ್ಲೀಚ್) 100 ಮಿಲಿಲೀಟರ್‌ಗೆ ನೀರು ಬೆರೆಸಿ ಒಟ್ಟು 1 ಲೀಟರ್ ಮಾಡಿದರೆ 5000 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 5000 ಭಾಗ. ವಾಂತಿ ಬಿದ್ದ ಜಾಗಕ್ಕೆ ಇದು. ಬಾಗಿಲ ಹಿಡಿ, ಕಮೋಡು, ಮಂಚದ ಕಂಬಿಗೆ 20 ಮಿಲಿಲೀಟರ್ ಬೆರೆಸಿದ 1 ಲೀಟರ್ ಸಾಕು. 10 ನಿಮಿಷ ಒದ್ದೆಯಾಗಿಯೇ ಇರಲಿ. ದಿನವೂ ಹೊಸದಾಗಿ ಬೆರೆಸಿ. ಆಸಿಡ್‌ನ ಜೊತೆ ಎಂದೂ ಸೇರಿಸಬೇಡಿ, ವಿಷಾನಿಲ ಬರುತ್ತದೆ. ವಾಂತಿಯಾದ ಸಿಬ್ಬಂದಿ, ಅದರಲ್ಲೂ ಅಡುಗೆಯವರು, ಪೂರ್ತಿ ನಿಂತ ಮೇಲೆ 48 ಗಂಟೆ ಮನೆಯಲ್ಲೇ ಇರಬೇಕು.

ಕಜ್ಜಿ ಮರುಕಳಿಸುವುದಕ್ಕೆ ಹೆಚ್ಚಿನ ಸಲ ಒಂದೇ ಕಾರಣ: ತುರಿಕೆ ಇದ್ದವರಿಗೆ ಮಾತ್ರ ಮುಲಾಮು ಹಚ್ಚಿರುತ್ತಾರೆ. ಮೊದಲ ಸಲ ತಗುಲಿದವರಿಗೆ 4ರಿಂದ 6 ವಾರ ತುರಿಕೆಯೇ ಇರದು, ಆದರೂ ಹರಡುತ್ತಾರೆ. ಸಂಪರ್ಕದಲ್ಲಿದ್ದ ಹಿರಿಯರು, ಸಿಬ್ಬಂದಿ ಎಲ್ಲರೂ ಒಂದೇ ದಿನ ಶೇ 5ರ ಪರ್ಮೆಥ್ರಿನ್ ಮುಲಾಮು ಹಚ್ಚಿ, 8ರಿಂದ 14 ಗಂಟೆ ಬಿಟ್ಟು ತೊಳೆದು, ವಾರದ ಬಳಿಕ ಮತ್ತೆ ಹಚ್ಚಬೇಕು.

ಲಸಿಕೆ

ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ಹಂಗಾಮಿಗೆ ಮೊದಲು. 65 ದಾಟಿದವರಿಗೆ ಹೆಚ್ಚು ಪ್ರಮಾಣದ್ದು ಅಥವಾ ಅಡ್ಜುವಂಟ್ (ಲಸಿಕೆಯ ಪರಿಣಾಮ ಹೆಚ್ಚಿಸುವ ವಸ್ತು) ಸೇರಿಸಿದ್ದು ಸಿಕ್ಕರೆ ಅದೇ ಮೇಲು. ರಕ್ಷಣೆ ಬರಲು ಸುಮಾರು 2 ವಾರ ಬೇಕು. ಸೋಂಕು ಹರಡುತ್ತಿರುವಾಗಲೂ ಉಳಿದವರಿಗೆ ಹಾಕಿ, ಆ 2 ವಾರ ಮೇಲೆ ಹೇಳಿದ ಫ್ಲೂ ಮಾತ್ರೆ ರಕ್ಷಣೆ ಕೊಡುತ್ತದೆ. ನ್ಯುಮೋಕಾಕಲ್ ಲಸಿಕೆಯಲ್ಲಿ (ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾ ವಿರುದ್ಧದ್ದು) 20 ತಳಿಗಳದ್ದಾದರೆ ಒಂದೇ ಡೋಸ್. 13 ಅಥವಾ 15 ತಳಿಗಳದ್ದಾದರೆ ಸಾಮಾನ್ಯವಾಗಿ ಒಂದು ವರ್ಷದ ನಂತರ 23 ತಳಿಗಳದ್ದು. ಸರ್ಪಸುತ್ತಿನ ಲಸಿಕೆ 2ರಿಂದ 6 ತಿಂಗಳ ಅಂತರದಲ್ಲಿ 2 ಡೋಸ್. ಇದು ಎರಡು-ಮೂರು ದಿನ ಜ್ವರ, ಮೈಕೈ ನೋವು ತರಬಹುದು, ಹಾಗಾಗಿ ಫ್ಲೂ ಹಂಗಾಮಿನ ನಡುವೆ ಇಡದಿರುವುದು ಒಳ್ಳೆಯದು. ಜ್ವರ ಯಾವುದರದ್ದೆಂದು ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಸಿಬ್ಬಂದಿಗೂ ಲಸಿಕೆ ಆಗಲೇಬೇಕು. ಬಹಳಷ್ಟು ಸಲ ಸೋಂಕನ್ನು ಒಳಗೆ ತರುವವರು ದಿನವೂ ಹೊರಗಿನಿಂದ ಬಂದು ಹೋಗುವವರು. 2020ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಆರೈಕೆ ಕೇಂದ್ರಗಳಲ್ಲಿ ಕೋವಿಡ್ ಹಬ್ಬಿದಾಗ, ಲಕ್ಷಣಗಳಿದ್ದೂ ಸಿಬ್ಬಂದಿ ಕೆಲಸಕ್ಕೆ ಬಂದದ್ದು, ಒಬ್ಬರೇ ಹಲವು ಕೇಂದ್ರಗಳಲ್ಲಿ ದುಡಿದದ್ದು ಕಾರಣಗಳ ಸಾಲಿನಲ್ಲಿದ್ದವು. ರಜೆ ಹಾಕಿದರೆ ಸಂಬಳ ಕತ್ತರಿಸುವ ಕಡೆ ಜ್ವರದ ಮಾತ್ರೆ ನುಂಗಿಕೊಂಡೇ ಕೆಲಸಕ್ಕೆ ಬರುತ್ತಾರೆ. ಎಷ್ಟು ಸೂಚನಾಫಲಕ ಹಾಕಿದರೂ ಅಷ್ಟೆ.

ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಫ್ರಿಜ್ಜಿನ ನಡು ತಟ್ಟೆಯಲ್ಲಿ ಇಡಿ. ಬಾಗಿಲಲ್ಲಿಟ್ಟರೆ ಬಿಸಿಯಾಗುತ್ತದೆ, ಹಿಂಗೋಡೆಗೆ ತಾಗಿಸಿದರೆ ಹೆಪ್ಪುಗಟ್ಟಬಹುದು. ಒಮ್ಮೆ ಹೆಪ್ಪುಗಟ್ಟಿದ ಫ್ಲೂ ಲಸಿಕೆ ಕರಗಿದರೂ ಬಿಸಾಡುವುದೇ. ರಕ್ತ ತೆಳುವಾಗಿಸುವ ಮಾತ್ರೆ ಇರುವವರಿಗೆ 23 ಗೇಜ್ (ಸೂಜಿಯ ದಪ್ಪದ ಅಳತೆ) ಅಥವಾ ಅದಕ್ಕಿಂತ ತೆಳುವಾದ ಸೂಜಿ ಬಳಸಿ, ಉಜ್ಜದೆ 2 ನಿಮಿಷ ಒತ್ತಿ ಹಿಡಿಯಿರಿ. ಚುಚ್ಚಿದ ಮೇಲೆ 15 ನಿಮಿಷ ಕಣ್ಣೆದುರೇ ಕೂರಿಸಿ. ತೀವ್ರ ಅಲರ್ಜಿಯಾದರೆ 1:1000 ಅಡ್ರಿನಲಿನ್ 0.5 ಮಿಲಿಲೀಟರ್ ತೊಡೆಯ ಹೊರಬದಿಯ ಸ್ನಾಯುವಿಗೆ ಕೊಟ್ಟು ಆಂಬುಲೆನ್ಸ್ ಕರೆಯಬೇಕು. 5 ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ. ಲಸಿಕೆ ಹಾಕುವ ದಿನ ಬೆಳಿಗ್ಗೆ ಆ ಅಡ್ರಿನಲಿನ್ ಆಂಪೂಲಿನ (ಔಷಧದ ಪುಟ್ಟ ಗಾಜಿನ ಸೀಸೆ) ಅವಧಿ ಮುಗಿದಿಲ್ಲವೇ ಎಂದು ನೋಡಿಕೊಂಡೇ ಮೊದಲನೆಯವರನ್ನು ಕರೆಯಿರಿ.