ಅಗ್ರಹಾರದ ಕ್ರಾಸಿನಲ್ಲಿ ದಿನಬಾಡಿಗೆ ಮನೆ: ನನ್ನ ಅನುಭವ

ಮೈಸೂರಿನಲ್ಲಿ ಪ್ರವಾಸಿಗರಿಗೆ ಮನೆ ಬಿಡುವವರೆಲ್ಲ ನನಗೆ ಹೇಳಿದ್ದು ಒಂದೇ ಮಾತು. ಗೋಕುಲಂ ಕಡೆ ನೋಡು, ವಿಜಯನಗರ ನೋಡು, ಶಾಂತವಾಗಿರುತ್ತೆ. ನಾನು ಅರಮನೆ ಹತ್ತಿರದ ಹಳೇ ಬಡಾವಣೆ ಅಗ್ರಹಾರ ಅಂದಾಗ ನಮ್ಮ ಭಾವನೇ "ಆ ಗಲಾಟೇಲಿ ದುಡ್ಡು ಕೊಟ್ಟು ಯಾರ್ರೀ ಮಲಗ್ತಾರೆ?" ಅಂದರು. ಈಗ ಶನಿವಾರ, ಭಾನುವಾರ ಅಗ್ರಹಾರದ ನನ್ನ ಮನೆ ಖಾಲಿ ಇರೋದೇ ಅಪರೂಪ.

ಮನೆಯನ್ನು ತಿಂಗಳ ಬಾಡಿಗೆಗೆ ಹಿಡಿದು ಪ್ರವಾಸಿಗರಿಗೆ ದಿನಬಾಡಿಗೆಗೆ ಬಿಡೋದು ನನ್ನ ಕೆಲಸ. ಮೊದಲು ಹಿಡಿದದ್ದು ರಿಂಗ್ ರಸ್ತೆ ಪಕ್ಕದ ಬಡಾವಣೆಯಲ್ಲಿ. ಬಾಡಿಗೆ ಹದಿನಾಲ್ಕು ಸಾವಿರದ ಆಸುಪಾಸು. ಗಾಳಿ, ಬೆಳಕು, ಪಾರ್ಕಿಂಗ್ ಎಲ್ಲ ಇತ್ತು. ಆದರೆ ಭಾನುವಾರ ಸಂಜೆ ಏಳಕ್ಕೆ ಅರಮನೆ ದೀಪ ನೋಡಿ ವಾಪಸ್ ಬರೋಕೆ ಆಟೋಗೆ ಇನ್ನೂರೈವತ್ತು, ಮುನ್ನೂರು. ರಾತ್ರಿ ಮಗುವಿಗೆ ಹಾಲು ಬೇಕು ಅಂದರೆ ಒಂದು ಅಂಗಡಿ ಇಲ್ಲ. ಎರಡು ರಾತ್ರಿಗೆ ಬಂದವರು ಒಂದೇ ರಾತ್ರಿಗೆ ಹೊರಡುತ್ತಿದ್ದರು. ಆಮೇಲೆ ಸಯ್ಯಾಜಿರಾವ್ ರಸ್ತೆಗೇ ಮುಖ ಮಾಡಿದ ಎರಡನೇ ಮಹಡಿ. ಜಂಬೂಸವಾರಿ ಕಿಟಕಿ ಕೆಳಗೇ ಹೋಗುತ್ತೆ, ದಸರಾಕ್ಕೆ ಕೇಳಿದ ರೇಟು ಸಿಕ್ಕಿತು. ಉಳಿದ ಹನ್ನೊಂದು ತಿಂಗಳು ಹಾರ್ನು, ಶಟರು, ಕೆಳಗಿನ ಅಂಗಡಿ ಜನರೇಟರು. ಎರಡೂ ಮನೆ ಸೇರಿ ಬಣ್ಣ, ಮಂಚ, ಅಡ್ವಾನ್ಸಿನಲ್ಲಿ ಮುರಿದುಕೊಂಡದ್ದು ಅಂತ ಎರಡೂವರೆ ಲಕ್ಷದಷ್ಟು ಹೋಯಿತು.

ಈ ಎರಡರಿಂದ ಕಲಿತದ್ದು ಇಷ್ಟು. ಬೀದಿ ಗಿಜಿಗುಡಬೇಕು, ಮನೆ ಅದರ ಮೇಲಿರಬಾರದು. ಕ್ರಾಸಿನೊಳಗೆ ನಾಲ್ಕೈದು ಮನೆ ದಾಟಿ ಹಿಡಿಯಬೇಕು. ಮೂಲೆ ಮನೆ ಬೇಡ, ತಿರುಗುವ ಪ್ರತಿ ಗಾಡಿಯೂ ಅಲ್ಲೇ ಹಾರ್ನ್ ಹೊಡೆಯುತ್ತೆ. ಹತ್ತಿರ ಕಲ್ಯಾಣ ಮಂಟಪ ಇದ್ದರೆ ಬೇಡವೇ ಬೇಡ. ವಾಲಗ ನಿಂತರೂ ರಾತ್ರಿ ಒಂದರವರೆಗೆ ಪಾತ್ರೆ ತೊಳೆಯುವ ಸದ್ದು ನಿಲ್ಲಲ್ಲ.

ಬ್ರೋಕರ್ ಮನೆ ತೋರಿಸೋದು ಬೆಳಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಯಾವ ಬೀದಿಯಾದರೂ ಚೆನ್ನಾಗೇ ಕಾಣುತ್ತೆ, ಅಲ್ವಾ? ಅಗ್ರಹಾರದ ಈ ಮನೆಗೆ ನಾನು ಭಾನುವಾರ ರಾತ್ರಿ ಕೀ ಇಸ್ಕೊಂಡು ಹೋಗಿ, ಚಾಪೆ ಹಾಸಿ ಬೆಳಗಿನವರೆಗೆ ಅಲ್ಲೇ ಮಲಗಿದೆ. ಐದಕ್ಕೆ ಮುಂಚೆ ಹಾಲಿನ ಗಾಡಿ ಬಂತು. ಕ್ರೇಟುಗಳನ್ನು ನೆಲದ ಮೇಲೆ ಎಳೆಯುವ ಸದ್ದು ಮುಂದಿನ ರೂಮಿಗೆ ಕಿವಿ ಪಕ್ಕದಲ್ಲೇ ಎಳೆದ ಹಾಗೆ ಕೇಳಿತು. ಹಿಂದಿನ ರೂಮಿಗೆ ಬರಲೇ ಇಲ್ಲ. ಅಲ್ಲಿಗೆ ತೀರ್ಮಾನ. ಮುಂದಿನದು ಹಾಲ್, ಮಂಚಗಳೆಲ್ಲ ಹಿಂದಕ್ಕೆ.

ಸದ್ದು ತಡೆಯೋಕೆ ಮೊದಲು ದಪ್ಪ ಪರದೆ ಹಾಕಿ ನೋಡಿದೆ. ಆರು ಸಾವಿರ ಹೋಯಿತು, ಬೆಳಕೂ ಹೋಯಿತು, ಸದ್ದು ಹಾಗೇ ಉಳಿಯಿತು. ಕಿಟಕಿ, ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿದ್ದಕ್ಕೆ ಐನೂರು ರೂಪಾಯಿಯೂ ಆಗಲಿಲ್ಲ, ಅರ್ಧ ಸದ್ದು ಅದರಲ್ಲೇ ಇಳಿಯಿತು. ಆಮೇಲೆ ಹಳೇ ಕಿಟಕಿಗೆ ಒಳಗಡೆಯಿಂದ ಇನ್ನೊಂದು ಗಾಜು, ಮಧ್ಯೆ ಒಂದು ಗೇಣಿಗೆ ಕಮ್ಮಿ ಜಾಗ. ಎರಡು ಕಿಟಕಿಗೆ ಹದಿನಾರೋ ಹದಿನೇಳೋ ಸಾವಿರ. ಮಾಡಿಸಿ, ಬಿಡಬೇಡಿ.

ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಧನುರ್ಮಾಸ. ನಸುಕಿಗೇ ದೇವಸ್ಥಾನದ ಗಂಟೆ, ಅದೇ ಹೊತ್ತಿಗೆ ಕ್ರಿಸ್ಮಸ್ ರಜೆ ಸೀಸನ್ನು. ದುಡ್ಡು ಇಸ್ಕೊಳ್ಳೋ ಮುಂಚೆಯೇ ಹೇಳಿಬಿಡುತ್ತೇನೆ. ಹಾಗೆ ಹೇಳಿಸಿಕೊಂಡು ಬಂದವರು ದೂರಿಲ್ಲ. ಬೆಂಗಳೂರಿನ ಒಂದು ಸಂಸಾರ ಎದ್ದು ಸ್ನಾನ ಮಾಡಿ ಹೋಗಿ ದೊನ್ನೆಯಲ್ಲಿ ಹುಗ್ಗಿ ಹಿಡಿದುಕೊಂಡು ಬಂತು.

ಕಾರಿನದೇ ತಲೆನೋವು. ಕ್ರಾಸಿನಲ್ಲಿ ನಿಲ್ಲಿಸಿದರೆ ಅಕ್ಕಪಕ್ಕದವರ ಜೊತೆ ಜಗಳ ಗ್ಯಾರಂಟಿ. ಹತ್ತಿರದಲ್ಲೇ ಎರಡು ಕಾರಿಗೆ ಜಾಗ ಮಾಡಿಕೊಂಡಿದ್ದೇನೆ, ತಿಂಗಳಿಗೆ ಎರಡು ಸಾವಿರ. ವಿಜಯದಶಮಿಗೆ ಬರುವವರು ಹಿಂದಿನ ರಾತ್ರಿಯೇ ಕಾರು ತಂದು ನಿಲ್ಲಿಸಬೇಕು, ಇದು ನನ್ನ ಷರತ್ತು.

ಈಗ ನಾನು ಕಟ್ಟುವ ಬಾಡಿಗೆ ತಿಂಗಳಿಗೆ ಇಪ್ಪತ್ತೆರಡು ಸಾವಿರ. ಬರುವವರಿಂದ ರಾತ್ರಿಗೆ ಎರಡು ಸಾವಿರದ ನಾನೂರು, ದಸರಾದಲ್ಲಿ ಡಬಲ್. ಬಾಡಿಗೆ, ಕರೆಂಟು, ಬಟ್ಟೆ ಒಗೆಯೋದು, ಕ್ಲೀನಿಂಗ್ ಕಳೆದು ತಿಂಗಳಿಗೆ ಇಪ್ಪತ್ತು ಸಾವಿರದಷ್ಟು ಕೈಗೆ ಉಳಿಯುತ್ತೆ. ಸೋಮವಾರ ರಾತ್ರಿಯೇ ಕಷ್ಟ. ಮಂಗಳವಾರ ಮೃಗಾಲಯಕ್ಕೆ ರಜೆ, ಮಕ್ಕಳಿರುವವರು ನಿಲ್ಲಲ್ಲ. ಆ ರಾತ್ರಿಯನ್ನು ಆಸ್ಪತ್ರೆಗೆ, ಮದುವೆಗೆ ಅಂತ ಬರುವ ಮಂಡ್ಯ, ಚಾಮರಾಜನಗರದವರಿಗೆ ಸಾವಿರದ ಐನೂರಕ್ಕೆ ಕೊಡುತ್ತೇನೆ.